ಹಣ ಹಾಂಗ್‌ಕಾಂಗ್ ಮುಟ್ಟಿತು, ದೂರು ಬೆಳಗಾವಿಯಲ್ಲೇ ನಿಂತಿತು: ಯಾಕೆ, ಮುಂದೇನು?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ ನಮ್ಮದು. ತೈವಾನ್‌ನ ಒಂದೇ ಕಂಪನಿಯಿಂದ ಆರು ವರ್ಷದಿಂದ ಮಾಲು ತರಿಸುತ್ತೇವೆ. ಈ ಸಲ ಅವರ ಹೆಸರಿನಲ್ಲೇ ಮೇಲ್ ಬಂತು: ‘ನಮ್ಮ ಖಾತೆ ಆಡಿಟ್‌ನಲ್ಲಿದೆ, ಮುಂಗಡವನ್ನು ಹಾಂಗ್‌ಕಾಂಗ್‌ನ ಈ ಖಾತೆಗೆ ಹಾಕಿ.’ 41,500 ಡಾಲರ್ ಕಳಿಸಿದೆವು. ಒಂಬತ್ತು ದಿನ ಕಳೆದ ಮೇಲೆ ಅವರು ‘ಹಣ ಬಂದಿಲ್ಲವಲ್ಲ’ ಎಂದು ಕೇಳಿದಾಗ ಮೋಸ ಗೊತ್ತಾಯಿತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಯಲ್ಲಿ ದೂರು ಕೊಟ್ಟು ಈಗ ನಾಲ್ಕು ದಿನ. ಹೊರದೇಶದ ಖಾತೆ, ಸಮಯ ಹಿಡಿಯುತ್ತದೆ ಅಂದರು. ಇಳಕಲ್‌ನ ನಮ್ಮ ಬೀಗರು ಯುಪಿಐ ಮೋಸದಲ್ಲಿ ಕಳೆದುಕೊಂಡ ಹಣವನ್ನು ಅದೇ 1930ರವರು ಅದೇ ದಿನ ತಡೆಹಿಡಿದಿದ್ದರು. ನಮಗ್ಯಾಕೆ ಆಗಲಿಲ್ಲ? ಸೈಬರ್ ಅಪರಾಧ ಕುರಿತ ಬುಡಾಪೆಸ್ಟ್ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸೇರಿದ್ದರೆ ಆಗುತ್ತಿತ್ತೇ? ಈಗೇನು ಮಾಡಬೇಕು?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಉಳಿದೆರಡಕ್ಕೆ ಉತ್ತರ ನಾಳೆ ಸಿಕ್ಕರೂ ನಡೆಯುತ್ತದೆ, ಇದಕ್ಕೆ ನಡೆಯದು.

ಇವತ್ತೇ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗಕ್ಕೆ ಹೋಗಿ. ‘ಹಣ ವಾಪಸ್ ತರಿಸಿಕೊಡಿ’ ಎಂಬ ಬರೀ ಅರ್ಜಿಯಿಂದ ಕೆಲಸ ಸಾಗದು. ಹಣ ಹೋದ ಸ್ವಿಫ್ಟ್ ಸಂದೇಶದ (ಬ್ಯಾಂಕುಗಳು ದೇಶದಿಂದ ದೇಶಕ್ಕೆ ಪಾವತಿ ತಿಳಿಸುವ ಜಾಲದ ಸಂದೇಶ) ಪ್ರತಿ ಕೇಳಿ. ಹಳೆಯ ಮಾದರಿಯಲ್ಲಿ ಅದು ಎಂಟಿ 103, ಹೊಸದರಲ್ಲಿ ಪ್ಯಾಕ್ಸ್ 008. ಅದರಲ್ಲಿ ಯುಇಟಿಆರ್ ಎಂಬ 36 ಅಕ್ಷರಗಳ ಗುರುತು ಇರುತ್ತದೆ. ನಿಮ್ಮ ಹಣ ಯಾವ ಮಧ್ಯವರ್ತಿ ಬ್ಯಾಂಕ್ ದಾಟಿತು, ಖಾತೆಗೆ ಜಮಾ ಆಯಿತೋ ಇಲ್ಲವೋ ಎಂಬುದನ್ನು ಬ್ಯಾಂಕಿನವರು ಆ ಗುರುತಿನಿಂದಲೇ ನೋಡಬಲ್ಲರು. ಜೊತೆಗೇ ರದ್ದತಿ ಕೋರಿಕೆ ಕಳಿಸಲು ಲಿಖಿತವಾಗಿ ಹೇಳಿ. ಹಳೆಯ ಮಾದರಿಯಲ್ಲಿ ಅದು ಎಂಟಿ 192, ಹೊಸದರಲ್ಲಿ ಕ್ಯಾಮ್ಟ್ 056. ಕಾರಣದ ಜಾಗದಲ್ಲಿ ವಂಚನೆಯ ಸಂಕೇತವೇ ಬೀಳಬೇಕು. ‘ಗ್ರಾಹಕರ ಕೋರಿಕೆ’ ಎಂಬ ಸಾಮಾನ್ಯ ಸಂಕೇತ ಹಾಕಿದರೆ ಅಲ್ಲಿಯವರು ಅದನ್ನು ವ್ಯಾಪಾರಿಗಳ ಸಾಮಾನ್ಯ ತಕರಾರೆಂದು ಬದಿಗಿಡುತ್ತಾರೆ. ಸಂದೇಶ ಹೋಗಿದ್ದಕ್ಕೆ ಪ್ರತಿ ಪಡೆದುಕೊಳ್ಳಿ. ನೀವು ಹಣ ಕಳಿಸಿದ್ದು ಸಹಕಾರಿ ಬ್ಯಾಂಕಿನ ಮೂಲಕವಾಗಿದ್ದರೆ ಇನ್ನೊಂದು ಮೆಟ್ಟಿಲು ಇರುತ್ತದೆ: ವಿದೇಶಿ ಪಾವತಿ ಹೋಗಿರುವುದು ವಿದೇಶಿ ವಿನಿಮಯದ ಅಧಿಕೃತ ಡೀಲರ್ ಪರವಾನಗಿಯ ದೊಡ್ಡ ಬ್ಯಾಂಕಿನಿಂದ, ಕೋರಿಕೆಯೂ ಅಲ್ಲಿಂದಲೇ ಹೊರಡಬೇಕು. ಇಲ್ಲಿನ ಶಾಖೆಯ ಮೇಜಿನ ಮೇಲೆ ಅರ್ಜಿ ಎರಡು ದಿನ ಕೂತರೆ ಆ ಎರಡು ದಿನ ಹೋದಂತೆಯೇ.

ಆದರೆ ಬ್ಯಾಂಕಿನ ಕೋರಿಕೆಯನ್ನೇ ನಂಬಿ ಕೂರಬೇಡಿ. ಜಮಾ ಆಗಿಬಿಟ್ಟ ಹಣವನ್ನು ಖಾತೆದಾರನ ಒಪ್ಪಿಗೆ ಇಲ್ಲದೆ ಕತ್ತರಿಸಿ ಕೊಡುವ ಅಧಿಕಾರ ಅಲ್ಲಿಯ ಬ್ಯಾಂಕಿಗಿಲ್ಲ. ಮೋಸಗಾರ ಒಪ್ಪಿಗೆ ಕೊಡುವುದುಂಟೇ? ಅದಕ್ಕೇ ಅಲ್ಲಿಯ ಪೊಲೀಸರು ಬೇಕು. ಹೆಚ್ಚಿನವರಿಗೆ ಗೊತ್ತಿಲ್ಲದ ದಾರಿ ಇದು: ಹಾಂಗ್‌ಕಾಂಗ್ ಪೊಲೀಸರಿಗೆ ನೀವೇ ನೇರವಾಗಿ ಆನ್‌ಲೈನ್‌ನಲ್ಲಿ ದೂರು ಕೊಡಬಹುದು. ಇಂಥ ಪ್ರಕರಣಗಳಿಗೆಂದೇ 2017ರಲ್ಲಿ ಅವರು ವಂಚನೆ ತಡೆ ಸಮನ್ವಯ ಕೇಂದ್ರ ತೆರೆದಿದ್ದಾರೆ, ಅದು ಬ್ಯಾಂಕುಗಳ ಜೊತೆ ನೇರವಾಗಿ ಮಾತಾಡುತ್ತದೆ. ಇಂಗ್ಲಿಷ್‌ನಲ್ಲಿ ಒಂದೂವರೆ ಪುಟ ಸಾಕು: ಕಳಿಸಿದ ದಿನ, ಮೊತ್ತ, ಯುಇಟಿಆರ್, ಹೋದ ಖಾತೆಯ ಸಂಖ್ಯೆ ಮತ್ತು ಹೆಸರು, ನಿಜವಾದ ಮೇಲ್ ವಿಳಾಸ, ನಕಲಿ ವಿಳಾಸ, 1930ರ ಸ್ವೀಕೃತಿ ಸಂಖ್ಯೆ, ಎಫ್‌ಐಆರ್ ಪ್ರತಿ ಮತ್ತು ಅದರ ಇಂಗ್ಲಿಷ್ ಅನುವಾದ. ಪೊಲೀಸರು ಬ್ಯಾಂಕಿಗೆ ತಿಳಿಸಿದ ಮೇಲೆ, ಸಂಘಟಿತ ಮತ್ತು ಗಂಭೀರ ಅಪರಾಧಗಳ ಅಲ್ಲಿಯ ಕಾನೂನಿನಡಿ ಬ್ಯಾಂಕು ಆ ಖಾತೆಯ ವಹಿವಾಟು ನಿಲ್ಲಿಸುತ್ತದೆ.

ಇದೇ ಹೊತ್ತಿಗೆ ನಮ್ಮ ಕಡೆಯಿಂದಲೂ ಒಂದು ಎಳೆ ಹೋಗಬೇಕು. ಇಂಟರ್‌ಪೋಲ್ 2022ರಲ್ಲಿ ಐ–ಗ್ರಿಪ್ ಎಂಬ ತುರ್ತು ಪಾವತಿ ತಡೆ ವ್ಯವಸ್ಥೆ ಶುರು ಮಾಡಿತು. ಭಾರತದಲ್ಲಿ ಇಂಟರ್‌ಪೋಲ್‌ಗೆ ಸಂಪರ್ಕ ಕೊಂಡಿ ಸಿಬಿಐ. 2025ರ ಜನವರಿಯಲ್ಲಿ ಶುರುವಾದ ಭಾರತ್‌ಪೋಲ್ ಪೋರ್ಟಲ್‌ನಿಂದಾಗಿ ರಾಜ್ಯದ ಪೊಲೀಸರು ಸಿಬಿಐಗೆ ಅಲ್ಲಿಯೇ ಕೋರಿಕೆ ಹಾಕಬಹುದು, ಮೊದಲಿನಂತೆ ಪತ್ರ ಹಿಡಿದು ಅಲೆಯಬೇಕಿಲ್ಲ. ಸಿಇಎನ್ ಠಾಣೆಯ ಇನ್‌ಸ್ಪೆಕ್ಟರ್ ಅವರಿಗೆ ಯುಇಟಿಆರ್ ಮತ್ತು ಹಾಂಗ್‌ಕಾಂಗ್ ದೂರಿನ ಸಂಖ್ಯೆ ಕೊಟ್ಟು, ‘ಐ–ಗ್ರಿಪ್ ಕೋರಿಕೆ ಕಳಿಸಿಕೊಡಿ ಸರ್’ ಎಂದು ಲಿಖಿತವಾಗಿ ಕೇಳಿ. ಬೇಕಾದ್ದರ ಹೆಸರು ಹಿಡಿದು ಕೇಳಿದವರ ಕಡತ ಬೇಗ ಚಲಿಸುತ್ತದೆ.

ಇನ್ನು ಇಳಕಲ್‌ನ ನಿಮ್ಮ ಬೀಗರ ಹಣ ಸಿಕ್ಕಿದ್ದು ಯಾಕೆ? 1930ರ ಹಿಂದೆ ಇರುವುದು ಗೃಹ ಸಚಿವಾಲಯದ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರ. 2021ರಿಂದ ಅದರ ಜಾಲಕ್ಕೆ ದೇಶದ ಬ್ಯಾಂಕುಗಳು, ವ್ಯಾಲೆಟ್ ಕಂಪನಿಗಳು ಒಂದೊಂದಾಗಿ ಸೇರಿಕೊಂಡಿವೆ. ನೀವು ಹೇಳಿದ ವಹಿವಾಟು ಸಂಖ್ಯೆ ಮೊದಲ ಬ್ಯಾಂಕಿನ ಪರದೆಯ ಮೇಲೆ ಮೂಡುತ್ತದೆ. ಹಣ ಅಲ್ಲಿಂದ ಮುಂದಕ್ಕೆ ಹೋಗಿದ್ದರೆ ಅವರು ಅದನ್ನು ಎರಡನೆಯ ಬ್ಯಾಂಕಿಗೆ ದಾಟಿಸುತ್ತಾರೆ, ಸಿಕ್ಕಲ್ಲಿ ತಡೆಯುತ್ತಾರೆ. ಆ ಸರಪಳಿಯ ಕೊನೆಯ ಕೊಂಡಿ ಭಾರತದ ಗಡಿ. ಹಾಂಗ್‌ಕಾಂಗ್‌ನ ಬ್ಯಾಂಕಿಗೆ ನಮ್ಮ ಪೊಲೀಸರ ನೋಟಿಸ್ ಬರೀ ಕಾಗದ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 75ನೇ ಕಲಂ, ಭಾರತದ ಕಂಪ್ಯೂಟರ್ ಗುರಿಯಾಗಿದ್ದರೆ ಹೊರದೇಶದಲ್ಲಿ ಕೂತು ಮಾಡಿದ ಅಪರಾಧಕ್ಕೂ ಕಾಯ್ದೆ ಅನ್ವಯಿಸುತ್ತದೆ ಎನ್ನುತ್ತದೆ, ನಿಜ. ಅದು ಮೊಕದ್ದಮೆ ಹೂಡುವ ಹಕ್ಕು. ಇನ್ನೊಂದು ದೇಶದ ಬ್ಯಾಂಕಿನ ಬಾಗಿಲು ತೆಗೆಸುವ ಹಕ್ಕು ಆ ದೇಶದ ಒಪ್ಪಿಗೆಯಿಂದಷ್ಟೇ ಬರುತ್ತದೆ. ಅಂತರರಾಷ್ಟ್ರೀಯ ಸಂಬಂಧ ಎಂಬ ದೊಡ್ಡ ಮಾತು ನಿಮ್ಮ 41,500 ಡಾಲರ್‌ಗೆ ತಾಗುವುದು ಈ ಜಾಗದಲ್ಲಿ.

ಆ ಒಪ್ಪಿಗೆಯ ಹೆಸರು ಪರಸ್ಪರ ಕಾನೂನು ನೆರವು ಒಪ್ಪಂದ. 40ರ ಆಸುಪಾಸು ದೇಶ–ಪ್ರದೇಶಗಳ ಜೊತೆ ಭಾರತ ಇಂಥದ್ದನ್ನು ಮಾಡಿಕೊಂಡಿದೆ, ಹಾಂಗ್‌ಕಾಂಗ್ ಆ ಪಟ್ಟಿಯಲ್ಲಿದೆ. ದಾರಿ ಹೀಗೆ: ತನಿಖಾಧಿಕಾರಿ ಕೋರಿಕೆ ಸಿದ್ಧಪಡಿಸುತ್ತಾರೆ, ಅಗತ್ಯವಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 112ನೇ ಕಲಮಿನಡಿ ನ್ಯಾಯಾಲಯ ಕೋರಿಕೆ ಪತ್ರ ಹೊರಡಿಸುತ್ತದೆ, ಅದು ರಾಜ್ಯದ ಗೃಹ ಇಲಾಖೆ ದಾಟಿ ದೆಹಲಿಯ ಗೃಹ ಸಚಿವಾಲಯಕ್ಕೆ, ಅಲ್ಲಿಂದ ಹಾಂಗ್‌ಕಾಂಗ್‌ನ ನ್ಯಾಯ ಇಲಾಖೆಗೆ ಹೋಗುತ್ತದೆ. ತಿಂಗಳುಗಳು ಹಿಡಿಯುತ್ತವೆ, ವರ್ಷ ದಾಟುವುದೂ ಉಂಟು. ಈ ಒಪ್ಪಂದ ಇರುವುದು ಸಾಕ್ಷ್ಯ ತರಿಸಲು, ಆರೋಪ ಸಾಬೀತು ಮಾಡಲು. ಓಡುತ್ತಿರುವ ಹಣ ಹಿಡಿಯುವ ವೇಗ ಇದಕ್ಕಿಲ್ಲ. ನಿಮ್ಮಂಥ ಎಷ್ಟೋ ಉದ್ಯಮಿಗಳು ಈ ಎರಡನ್ನು ಒಂದೇ ಎಂದುಕೊಂಡು ‘ಸರ್ಕಾರ ಬರೆದಿದೆ, ಕಾಯೋಣ’ ಎಂದು ಸುಮ್ಮನಾಗಿಬಿಡುತ್ತಾರೆ. ನನಗೆ ತುಂಬ ಬೇಸರ ತರಿಸುವ ಸಂಗತಿ ಇದು.

ಕೋರಿಕೆಗಳು ಹೊರದೇಶದಿಂದ ತಿರುಗಿ ಬರುವುದಕ್ಕೆ ರಾಜಕೀಯಕ್ಕಿಂತ ಬರವಣಿಗೆಯೇ ಹೆಚ್ಚು ಸಲ ಕಾರಣ. ‘66ಡಿ ಕಲಮಿನಡಿ ಅಪರಾಧ’ (ಬೇರೆಯವರಂತೆ ನಟಿಸಿ ಮಾಡುವ ವಂಚನೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ) ಎಂದಷ್ಟೇ ಬರೆದರೆ ಅಲ್ಲಿಯ ಅಧಿಕಾರಿಗೆ ಏನೂ ತಿಳಿಯದು. ಎರಡೂ ದೇಶಗಳಲ್ಲಿ ಅಪರಾಧವಾಗುವ ಕೃತ್ಯ ಯಾವುದು ಎಂಬುದನ್ನು ಮಾತಿನಲ್ಲಿ ಬಿಡಿಸಿ ಹೇಳಬೇಕು: ಇಂಥವನು ಇಂಥ ಕಂಪನಿಯವನೆಂದು ನಟಿಸಿ, ಇಂಥ ಸುಳ್ಳು ಹೇಳಿ, ಇಷ್ಟು ಹಣ ಪಡೆದ. ‘ಖಾತೆಯ ಎಲ್ಲ ದಾಖಲೆ ಕೊಡಿ’ ಎಂದರೆ ಏನಾದರೂ ಸಿಕ್ಕೀತೆಂದು ಸುಮ್ಮನೆ ಬಲೆ ಬೀಸುತ್ತಿದ್ದಾರೆಂದು ನಿರಾಕರಿಸುತ್ತಾರೆ. ಯಾವ ದಿನದಿಂದ ಯಾವ ದಿನದವರೆಗೆ, ಯಾವ ದಾಖಲೆ, ಯಾಕೆ ಎಂದು ಇರಬೇಕು. ಇನ್ನು ಐಪಿ ವಿಳಾಸದ, ಅಂದರೆ ಮೇಲ್ ಕಳಿಸಿದ ಇಂಟರ್ನೆಟ್ ಸಂಪರ್ಕದ ಸಂಖ್ಯೆಯ ವಿಷಯ. ಹೊರದೇಶದ ಮೇಲ್ ಕಂಪನಿಗಳ ದಾಖಲೆ ಇರುವುದು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ‘14ರ ರಾತ್ರಿ 2.10’ ಎಂದು ಬರೆದು ಯಾವ ದೇಶದ ಸಮಯ ಎಂದು ಹೇಳದಿದ್ದರೆ ಅವರು 13ರ ಸಂಜೆಯ ದಾಖಲೆ ಬಿಟ್ಟು ಬೇರೆಯದನ್ನೇ ಕಳಿಸುತ್ತಾರೆ. ಮೊಬೈಲ್ ಜಾಲದಲ್ಲಿ ಒಂದೇ ಐಪಿಯನ್ನು ಒಂದೇ ಕ್ಷಣದಲ್ಲಿ ನೂರಾರು ಜನ ಹಂಚಿಕೊಂಡಿರುತ್ತಾರೆ, ಪ್ರತಿ ಸಂಪರ್ಕಕ್ಕೆ ಬೇರೆಬೇರೆಯಾಗಿ ಸಿಗುವ ಪೋರ್ಟ್ ಸಂಖ್ಯೆ ಇಲ್ಲದೆ ಅವರಲ್ಲೊಬ್ಬನನ್ನು ಗುರುತಿಸುವುದು ಅಸಾಧ್ಯ. ಕಂಪ್ಯೂಟರ್ ತುರ್ತು ಸ್ಪಂದನಾ ತಂಡ ಸರ್ಟ್–ಇನ್ 2022ರ ಏಪ್ರಿಲ್ 28ರ ಆದೇಶದಲ್ಲಿ ಎಲ್ಲ ಸಂಸ್ಥೆಗಳ ಗಡಿಯಾರವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ (ಎನ್‌ಐಸಿ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಲು, 180 ದಿನದ ಲಾಗ್ (ಕಂಪ್ಯೂಟರ್ ಚಟುವಟಿಕೆಯ ದಾಖಲೆ) ಇಟ್ಟುಕೊಳ್ಳಲು ಹೇಳಿದ್ದು ಇದಕ್ಕಾಗಿಯೇ. ಆಗ ಅನೇಕರು ಅದನ್ನು ವೃಥಾ ಕಿರಿಕಿರಿ ಎಂದರು. ಹೊರದೇಶದಿಂದ ಪ್ರಶ್ನೆ ಬರುವ ಹೊತ್ತಿಗೆ ನಮ್ಮಲ್ಲೇ ಲಾಗ್ ಅಳಿಸಿಹೋಗಿದ್ದರೆ ಒಪ್ಪಂದ ಇದ್ದೂ ಉಪಯೋಗವಿಲ್ಲ.

ಅದೇ ಆದೇಶದ ಪ್ರಕಾರ ಇಂಥ ಘಟನೆ ತಿಳಿದ ಆರು ಗಂಟೆಯೊಳಗೆ ಸರ್ಟ್–ಇನ್‌ಗೆ ವರದಿ ಕೊಡಬೇಕು. ನಿಮ್ಮದು ಸಣ್ಣ ಕಾರ್ಖಾನೆ ಎಂಬ ವಿನಾಯಿತಿ ಇಲ್ಲ. ತಡವಾಗಿದ್ದರೂ ಈಗಲೇ ಕೊಡಿ.

ಸಾಕ್ಷ್ಯ ನಿಮ್ಮ ಕೈಯಲ್ಲೇ ಇದೆ, ಕೆಡಿಸಬೇಡಿ. ನಕಲಿ ಮೇಲ್ ಅನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ, ಹಾಗೆ ಮಾಡಿದ ಪ್ರತಿಯಲ್ಲಿ ಮೂಲ ಹೆಡರ್ (ಮೇಲ್ ಎಲ್ಲಿಂದ, ಯಾವ ದಾರಿಯಲ್ಲಿ ಬಂತೆಂಬ ದಾಖಲೆ) ಇರುವುದಿಲ್ಲ. ಮುದ್ರಿಸಿದ ಹಾಳೆಯಲ್ಲೂ ಇರುವುದಿಲ್ಲ. ಮೂಲ ಸಂದೇಶವನ್ನು ಇಎಂಎಲ್ ಕಡತವಾಗಿ ಇಳಿಸಿಕೊಂಡು, ಅದರ ಶಾ–256 ಹ್ಯಾಶ್ (ಕಡತದ ಡಿಜಿಟಲ್ ಬೆರಳಚ್ಚು) ತೆಗೆದು ಬರೆದಿಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ನೇ ಕಲಮಿನ ಪ್ರಮಾಣಪತ್ರದಲ್ಲಿ ಆ ಹ್ಯಾಶ್ ನಮೂದಿಸಬೇಕು. ಅದರಲ್ಲಿ ಎ ಭಾಗ ನೀವು ತುಂಬುವುದು, ಬಿ ಭಾಗ ತಜ್ಞರು ತುಂಬುವುದು. ಆಮೇಲೆ ಕಳಿಸಿದವರ ವಿಳಾಸವನ್ನು ದೊಡ್ಡ ಅಕ್ಷರ ಮಾಡಿ ನೋಡಿ. ಇಂಗ್ಲಿಷ್‌ನ ‘ಆರ್’ ಮತ್ತು ‘ಎನ್’ ಸಣ್ಣಕ್ಷರಗಳು ಒತ್ತೊತ್ತಾಗಿ ಕೂತರೆ ‘ಎಂ’ನಂತೆಯೇ ಕಾಣುತ್ತವೆ, ಮೊಬೈಲ್ ಪರದೆಯಲ್ಲಂತೂ ವ್ಯತ್ಯಾಸವೇ ತಿಳಿಯದು. ವಿಳಾಸ ಸರಿಯಾಗಿಯೇ ಇದ್ದರೆ ನಿಮ್ಮ ಅಥವಾ ಅವರ ಮೇಲ್ ಪೆಟ್ಟಿಗೆಯೊಳಗೆ ಯಾರೋ ಕೂತಿದ್ದಾರೆಂದು ಅರ್ಥ. ಸೆಟ್ಟಿಂಗ್ಸ್‌ಗೆ ಹೋಗಿ ನೀವು ಹಾಕದ ನಿಯಮಗಳಿವೆಯೇ ನೋಡಿ. ‘ಇನ್‌ವಾಯ್ಸ್’ ಎಂಬ ಪದ ಇರುವ ಮೇಲ್‌ಗಳನ್ನು ಯಾರೂ ತೆರೆಯದ ‘ಆರ್‌ಎಸ್‌ಎಸ್ ಫೀಡ್ಸ್’ (ಜಾಲತಾಣಗಳ ಸುದ್ದಿ ತರುವ) ಫೋಲ್ಡರ್‌ಗೆ ತಳ್ಳುವುದು ಇವರ ಹಳೆಯ ತಂತ್ರ. ತೈವಾನ್‌ನವರು ನಿಜವಾಗಿ ಬರೆದ ಮೇಲ್‌ಗಳು ಅಲ್ಲಿ ಕೂತಿರಬಹುದು. ಅಂಥ ನಿಯಮ ಕಂಡರೆ ಮೊದಲು ಪರದೆಯ ಚಿತ್ರ, ಲಾಗಿನ್ ಇತಿಹಾಸ ಇಳಿಸಿಕೊಳ್ಳಿ. ಆಮೇಲೆ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಹೊರಬಂದು, ನಿಯಮ ಅಳಿಸಿ.

ಮೇಲ್ ಕಂಪನಿ ಅಮೆರಿಕದ್ದಾಗಿದ್ದರೆ, ಅಲ್ಲಿಯ ಕಾನೂನಿನಂತೆ ಪೊಲೀಸರ ಕೋರಿಕೆಯ ಮೇಲೆ ದಾಖಲೆಯನ್ನು 90 ದಿನ ಅಳಿಸದೆ ಇಡಿಸಬಹುದು, ಇನ್ನೂ 90 ದಿನ ವಿಸ್ತರಿಸಬಹುದು. ಕಾನೂನು ನೆರವಿನ ಕೋರಿಕೆ ನಿಧಾನವಾಗಿ ಬರುವವರೆಗೆ ಸಾಕ್ಷ್ಯ ಉಳಿಯುವುದು ಈ ಒಂದು ಪತ್ರದಿಂದ. ಜಿ–7ರ 24 ಗಂಟೆಯ ಸಂಪರ್ಕ ಜಾಲಕ್ಕೂ ಸಿಬಿಐ ಸೇರಿರುವುದರಿಂದ ಇಂಥ ‘ಅಳಿಸಬೇಡಿ’ ಕೋರಿಕೆ ಆ ದಾರಿಯಲ್ಲೂ ಹೋಗಬಹುದು.

ಬುಡಾಪೆಸ್ಟ್‌ಗೆ ಬರೋಣ. 2001ರ ನವೆಂಬರ್‌ನಲ್ಲಿ ಸಹಿಗೆ ತೆರೆದ, 2004ರಲ್ಲಿ ಜಾರಿಗೆ ಬಂದ ಈ ಒಪ್ಪಂದ ಯುರೋಪಿನ ಮಂಡಳಿಯದು. ರಚನೆಯ ಹೊತ್ತಿಗೆ ನಮ್ಮನ್ನು ಕೂರಿಸಿಕೊಂಡಿರಲಿಲ್ಲ ಎಂಬುದು ಭಾರತದ ಮೊದಲ ಆಕ್ಷೇಪ. ಎರಡನೆಯದು 32(ಬಿ) ವಿಧಿ: ದತ್ತಾಂಶ ಕೊಡುವ ಕಾನೂನುಬದ್ಧ ಅಧಿಕಾರ ಇರುವವರು ಒಪ್ಪಿದರೆ, ಇನ್ನೊಂದು ದೇಶದ ತನಿಖಾಧಿಕಾರಿ ಆ ದೇಶದ ಸರ್ಕಾರವನ್ನು ಕೇಳದೆಯೇ ಅಲ್ಲಿಯ ದತ್ತಾಂಶ ತೆಗೆದುಕೊಳ್ಳಬಹುದು. ಸಾರ್ವಭೌಮತ್ವದ ದೃಷ್ಟಿಯಿಂದ ಈ ಆಕ್ಷೇಪದಲ್ಲಿ ತೂಕವಿದೆ. ಆದರೆ ನಿಮ್ಮ ಪ್ರಕರಣಕ್ಕೆ ಹೇಳುವುದಾದರೆ, ಸೇರಿದ್ದರೂ ಉಪಯೋಗ ಆಗುತ್ತಿರಲಿಲ್ಲ. ಚೀನಾ ಆ ಒಪ್ಪಂದದಲ್ಲಿಲ್ಲ, ಹಾಗಾಗಿ ಹಾಂಗ್‌ಕಾಂಗ್ ಕೂಡ ಇಲ್ಲ. ಮ್ಯೂಲ್ ಖಾತೆ (ಮೋಸದ ಹಣ ದಾಟಿಸಲು ಬಳಸುವ ಖಾತೆ) ಪೋಲೆಂಡ್‌ನಲ್ಲೋ ಪೋರ್ಚುಗಲ್‌ನಲ್ಲೋ ಇದ್ದಿದ್ದರೆ ಮಾತು ಬೇರೆ. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2024ರ ಡಿಸೆಂಬರ್ 24ರಂದು ತನ್ನದೇ ಸೈಬರ್ ಅಪರಾಧ ಒಪ್ಪಂದವನ್ನು ಅಂಗೀಕರಿಸಿತು, 2025ರ ಅಕ್ಟೋಬರ್‌ನಲ್ಲಿ ವಿಯೆಟ್ನಾಂನ ಹನೋಯ್‌ನಲ್ಲಿ ಸಹಿಗೆ ಇಟ್ಟಿತು. 40 ದೇಶಗಳು ಅನುಮೋದಿಸಿದ 90 ದಿನಕ್ಕೆ ಅದು ಜಾರಿ. ಇದರ ರಚನೆಯಲ್ಲಿ ಭಾರತವೂ ಕೂತಿತ್ತು, ಚೀನಾವೂ ಕೂತಿತ್ತು. ದಿನದ 24 ಗಂಟೆ ತೆರೆದ ಸಂಪರ್ಕ ಕೇಂದ್ರ, ದತ್ತಾಂಶದ ತ್ವರಿತ ಸಂರಕ್ಷಣೆ, ಅಪರಾಧದ ಹಣದ ಮುಟ್ಟುಗೋಲು ಇವೆಲ್ಲ ಅದರಲ್ಲಿವೆ. ಸರ್ಕಾರಗಳು ತಮ್ಮನ್ನು ಟೀಕಿಸುವವರ ಮೇಲೆ ಇದೇ ಅಸ್ತ್ರ ಬಳಸಿಯಾವು ಎಂದು ಮಾನವ ಹಕ್ಕು ಸಂಘಟನೆಗಳು ಎಚ್ಚರಿಸಿವೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೂ ನಮ್ಮ ಸಣ್ಣ ಉದ್ಯಮಿಗಳ ಹಣ ಹೋಗುವ ದಿಕ್ಕು ನೋಡಿದರೆ, ಏಷ್ಯಾದ ದೇಶಗಳು ಒಳಗಿರುವ ಒಪ್ಪಂದವೇ ನಮಗೆ ಕೆಲಸಕ್ಕೆ ಬರುವುದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ರಾಷ್ಟ್ರೀಯ ನೀತಿಯಲ್ಲಿ ನಿಮ್ಮಂಥವರ ಜಾಗ ತೀರ ಕಿರಿದು. ಈಗಲೂ ಕೈಯಲ್ಲಿರುವುದು 2013ರ ಜುಲೈನಲ್ಲಿ ಹೊರಬಂದ ರಾಷ್ಟ್ರೀಯ ಸೈಬರ್ ಭದ್ರತಾ ನೀತಿ. ಐದು ವರ್ಷದಲ್ಲಿ ಐದು ಲಕ್ಷ ತಜ್ಞರನ್ನು ತಯಾರಿಸುವ ಗುರಿ ಅದರಲ್ಲಿತ್ತು. 2020ರ ಹೊತ್ತಿಗೆ ಹೊಸ ಕಾರ್ಯತಂತ್ರದ ಕರಡು ಸಿದ್ಧವಾದರೂ ಸಾರ್ವಜನಿಕವಾಗಿ ಹೊರಬರಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕೆಲಸ ಹಂಚಿಕೆಯ ನಿಯಮ ತಿದ್ದಿ, ಸೈಬರ್ ಅಪರಾಧ ಗೃಹ ಸಚಿವಾಲಯಕ್ಕೆ, ಸೈಬರ್ ಭದ್ರತೆ ಐಟಿ ಸಚಿವಾಲಯಕ್ಕೆ, ಒಟ್ಟಾರೆ ಸಮನ್ವಯ ರಾಷ್ಟ್ರೀಯ ಭದ್ರತಾ ಮಂಡಳಿಯ ಸಚಿವಾಲಯಕ್ಕೆ ಎಂದು ಸ್ಪಷ್ಟಪಡಿಸಿದ್ದು ಒಳ್ಳೆಯದಾಯಿತು. ನೀತಿಯ ಗಮನ ಹೆಚ್ಚಾಗಿ ಇರುವುದು ಗ್ರಿಡ್, ರೈಲು, ಬ್ಯಾಂಕ್, ದೂರಸಂಪರ್ಕದ ಮೇಲೆ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟ್‌ನ ಉಷ್ಣ ವಿದ್ಯುತ್ ಸ್ಥಾವರವಿದೆ. ಅಂಥ ಸ್ಥಾವರಗಳಿಗೆ ಕೇಂದ್ರ ವಿದ್ಯುತ್ ಪ್ರಾಧಿಕಾರ 2021ರ ಅಕ್ಟೋಬರ್‌ನಲ್ಲಿ ಪ್ರತ್ಯೇಕ ಸೈಬರ್ ಮಾರ್ಗಸೂಚಿಯನ್ನೇ ಕೊಟ್ಟಿದೆ, ಕೊಡಬೇಕಾದ್ದೇ. ಆದರೆ ರಫ್ತು–ಆಮದು ಮಾಡುವ ಉದ್ಯಮಬಾಗದ ಒಂದು ವರ್ಕ್‌ಶಾಪ್‌ಗೆ ಹಾಂಗ್‌ಕಾಂಗ್‌ನಲ್ಲಿ ದೂರು ಕೊಡುವುದು ಹೇಗೆಂದು ಹೇಳುವ ಒಂದು ಪುಟದ ಕನ್ನಡ ಕೈಪಿಡಿಯನ್ನಾದರೂ ಸಿಇಎನ್ ಠಾಣೆಯಲ್ಲಿ, ಬ್ಯಾಂಕ್ ಶಾಖೆಯಲ್ಲಿ ಇಡಬೇಕು. ಇದಕ್ಕೆ ಒಪ್ಪಂದವೂ ಬೇಡ, ಬಜೆಟ್ಟೂ ಬೇಡ.

ದೊಡ್ಡವರ ಹಣವಾದರೆ ಬೇಗ ಸಿಗುತ್ತದೆ ಎಂದೂ ತಿಳಿಯಬೇಡಿ. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಹೋಯಿತು. ಹೆಚ್ಚಿನದನ್ನು 28 ದೇಶಗಳ ಎಟಿಎಂಗಳಿಂದ ತೆಗೆದರು, 13.92 ಕೋಟಿ ಸ್ವಿಫ್ಟ್ ಮೂಲಕ ಹಾಂಗ್‌ಕಾಂಗ್‌ನ ಒಂದು ಖಾತೆಗೆ ಹೋಯಿತು. 2023ರಲ್ಲಿ ಪುಣೆ ನ್ಯಾಯಾಲಯ 11 ಮಂದಿಗೆ ಶಿಕ್ಷೆ ಕೊಟ್ಟಿತು. ಆದರೆ ಈ ದಾಳಿಯ ಹಿಂದೆ ಉತ್ತರ ಕೊರಿಯಾದ ಕೈ ಇದೆ ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2019ರ ವರದಿಯಲ್ಲಿ ಹೇಳಿತ್ತು, ಅಲ್ಲಿಗೆ ಯಾವ ಸಮನ್ಸ್ ಹೋಗುತ್ತದೆ? ತನ್ನ ನೆಲವನ್ನು ಇಂಥ ಕೃತ್ಯಗಳಿಗೆ ಗೊತ್ತಿದ್ದೂ ಬಿಟ್ಟುಕೊಡಬಾರದೆಂಬುದು ವಿಶ್ವಸಂಸ್ಥೆಯಲ್ಲಿ 2015ರಲ್ಲಿ ಒಪ್ಪಿಕೊಂಡ 11 ನಡಾವಳಿಗಳಲ್ಲಿ ಒಂದು. ಅವುಗಳಿಗೆ ಕಾನೂನಿನ ಬಲವಿಲ್ಲ, ಮುರಿದವರನ್ನು ಕೇಳುವ ನ್ಯಾಯಾಲಯವೂ ಇಲ್ಲ.

ಮತ್ತೆ ನಿಮ್ಮ ಖಾತೆಗೆ ಬರೋಣ. ಹಾಂಗ್‌ಕಾಂಗ್‌ನಲ್ಲಿ ಹಣ ತಡೆದಿದ್ದಾರೆಂಬ ಸುದ್ದಿ ಬಂದರೆ ಅರ್ಧ ದಾರಿ ಬಂದಿದ್ದೀರಿ ಅಷ್ಟೇ. ಪೊಲೀಸರು ತಡೆಯುತ್ತಾರೆ, ವಾಪಸ್ ಕೊಡಿಸುವುದು ಸಾಮಾನ್ಯವಾಗಿ ಸಿವಿಲ್ ನ್ಯಾಯಾಲಯ. 41,500 ಡಾಲರ್ ಎಂದರೆ ಸುಮಾರು 3.2 ಲಕ್ಷ ಹಾಂಗ್‌ಕಾಂಗ್ ಡಾಲರ್. 30 ಲಕ್ಷದವರೆಗಿನ ದಾವೆ ಅಲ್ಲಿಯ ಜಿಲ್ಲಾ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತದೆ. ಖಾತೆದಾರ ಬಹುತೇಕ ಹಾಜರಾಗುವುದಿಲ್ಲ, ಏಕಪಕ್ಷೀಯ ತೀರ್ಪು ಪಡೆದು, ಅದರ ಮೇಲೆ ಬ್ಯಾಂಕಿಗೇ ಹಣ ಕೊಡಲು ಹೇಳುವ ಗಾರ್ನಿಶೀ ಆದೇಶ ಪಡೆಯಬೇಕು. ವಕೀಲರನ್ನು ಹಿಡಿಯುವ ಮೊದಲು ತಡೆಹಿಡಿದ ಮೊತ್ತ ಎಷ್ಟೆಂದು ಪೊಲೀಸರಿಂದ ತಿಳಿದುಕೊಳ್ಳಿ. ಖಾತೆಯಲ್ಲಿ ಉಳಿದಿರುವುದು ಎರಡು ಸಾವಿರ ಡಾಲರ್ ಆಗಿದ್ದರೆ ಶುಲ್ಕವೇ ಅದನ್ನು ನುಂಗುತ್ತದೆ. ಹದಿಮೂರು ದಿನ ಕಳೆದಿರುವುದರಿಂದ ಹೆಚ್ಚಿನ ಹಣ ಮುಂದೆ ಹೋಗಿರುವ ಸಾಧ್ಯತೆಯೇ ಜಾಸ್ತಿ, ಇದನ್ನು ಮುಚ್ಚಿಟ್ಟು ಭರವಸೆ ಕೊಡಲಾರೆ. ಆದರೂ ಮಧ್ಯವರ್ತಿ ಬ್ಯಾಂಕಿನ ತಪಾಸಣೆಯಲ್ಲಿ ಸಿಕ್ಕಿಬಿದ್ದ ಹಣ, ಅನುಮಾನದಿಂದ ಮೊದಲೇ ತಡೆದ ಖಾತೆ ಇಂಥವು ಇರುತ್ತವೆ. ಕೇಳದೆ ಬಿಡಬೇಡಿ.

ರಿಸರ್ವ್ ಬ್ಯಾಂಕಿನ 2017ರ ‘ಗ್ರಾಹಕರ ಹೊಣೆ ಶೂನ್ಯ’ ಸುತ್ತೋಲೆ ನಿಮಗೆ ಒದಗದು. ಅದು ಗ್ರಾಹಕರ ಅನುಮತಿ ಇಲ್ಲದೆ ನಡೆದ ವಹಿವಾಟಿಗೆ, ನೀವು ಸಹಿ ಹಾಕಿಯೇ ಕಳಿಸಿದ್ದೀರಿ.

ಇನ್ನೊಂದು ತೊಡಕು ಆರೆಂಟು ತಿಂಗಳ ಬಳಿಕ ಎದುರಾಗುತ್ತದೆ, ಈಗಲೇ ಹೇಳುತ್ತೇನೆ. ಆಮದಿಗೆಂದು ಮುಂಗಡ ಹೋಗಿದೆ, ಮಾಲು ಬರುವುದಿಲ್ಲ, ಬಿಲ್ ಆಫ್ ಎಂಟ್ರಿ (ಮಾಲು ಬಂದಿದ್ದಕ್ಕೆ ಕಸ್ಟಮ್ಸ್ ದಾಖಲೆ) ಇರುವುದಿಲ್ಲ. ರಿಸರ್ವ್ ಬ್ಯಾಂಕಿನ ಆಮದು ನಿಗಾ ವ್ಯವಸ್ಥೆ ಐಡಿಪಿಎಂಎಸ್‌ನಲ್ಲಿ ಆ ಮೊತ್ತ ನಿಮ್ಮ ಹೆಸರಿನಲ್ಲಿ ಬಾಕಿ ಎಂದು ಕೂರುತ್ತದೆ, ಮುಂದಿನ ಪಾವತಿಗಳಿಗೆ ಬ್ಯಾಂಕ್ ತಕರಾರು ತೆಗೆಯುತ್ತದೆ. ಎಫ್‌ಐಆರ್, ಹಾಂಗ್‌ಕಾಂಗ್ ದೂರಿನ ಪ್ರತಿ, ರದ್ದತಿ ಕೋರಿಕೆಗೆ ಬಂದ ಉತ್ತರ ಇವನ್ನೆಲ್ಲ ಒಂದೇ ಪತ್ರದ ಜೊತೆ ಬ್ಯಾಂಕಿಗೆ ಈಗಲೇ ಸಲ್ಲಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ತೈವಾನ್‌ನವರ ಬಾಕಿ ಈಗಲೂ ಬಾಕಿಯೇ. ಮೇಲ್ ಸೋರಿದ್ದು ಅವರ ಕಡೆಯಿಂದ ಎಂದು ಲಾಗಿನ್ ದಾಖಲೆ ತೋರಿಸಿದರೆ ನಷ್ಟ ಹಂಚಿಕೊಳ್ಳುವ ಮಾತಿಗೆ ಆಧಾರ ಸಿಗುತ್ತದೆ. ಆರು ವರ್ಷದ ವ್ಯಾಪಾರ ಉಳಿಸಿಕೊಳ್ಳಲು ಹಲವರು ಒಪ್ಪುತ್ತಾರೆ. ಹೊಸ ಪಾವತಿಗೆ ಮುಂಗಡದ ಟಿಟಿ (ನೇರ ತಂತಿ ವರ್ಗಾವಣೆ) ಬದಲು ಎಲ್‌ಸಿ (ಬ್ಯಾಂಕಿನ ಸಾಲಪತ್ರ, ಲೆಟರ್ ಆಫ್ ಕ್ರೆಡಿಟ್) ತೆರೆಯಲು ಕೇಳಿ, ಆಗ ಸಾಗಣೆಯ ದಾಖಲೆ ನೋಡಿಯೇ ಬ್ಯಾಂಕ್ ಹಣ ಕೊಡುತ್ತದೆ. ಖಾತೆ ಬದಲಾಯಿತೆಂಬ ಮೇಲ್ ಯಾರಿಂದ ಬಂದರೂ, ಆ ಮೇಲ್‌ನಲ್ಲಿರುವ ನಂಬರಿಗಲ್ಲ, ನಿಮ್ಮ ಹಳೆಯ ಡೈರಿಯಲ್ಲಿರುವ ನಂಬರಿಗೆ ಕರೆ ಮಾಡಿ ಖಾತೆಯ ಕೊನೆಯ ನಾಲ್ಕು ಅಂಕಿ ಓದಿಸಿಕೊಳ್ಳಿ. ಕಂಪನಿ ಒಂದು ದೇಶದಲ್ಲಿ, ಖಾತೆ ಇನ್ನೊಂದು ದೇಶದಲ್ಲಿ ಎಂದಾದರೆ ಇಬ್ಬರ ಸಹಿ ಇಲ್ಲದೆ ಹಣ ಹೊರಡಬಾರದು. ವಿಜಯಪುರದ ಒಣದ್ರಾಕ್ಷಿ, ಇಂಡಿ ತಾಲ್ಲೂಕಿನ ನಿಂಬೆ ಹೊರಗೆ ಕಳಿಸುವವರಿಗೆ ಇದೇ ಮೋಸ ತಿರುಗುಮುರುಗಾಗಿ ಬರುತ್ತದೆ: ನಿಮ್ಮ ಹೆಸರಿನ ಮೇಲ್ ದುಬೈನ ಖರೀದಿದಾರನಿಗೆ ಹೋಗುತ್ತದೆ, ಹಣ ಬೇರೆಯವರ ಖಾತೆಗೆ ಬೀಳುತ್ತದೆ, ಮಾಲು ಆಗಲೇ ಹಡಗು ಏರಿರುತ್ತದೆ. ಅಂಥವರು ತಮ್ಮ ಡೊಮೇನ್‌ಗೆ ಮೇಲ್ ನಿಜವಾಗಿ ತಮ್ಮಿಂದಲೇ ಬಂತೇ ಎಂದು ಪರೀಕ್ಷಿಸಲು ನೆರವಾಗುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ದಾಖಲೆ ಹಾಕಿಸಿ, ಡಿಮಾರ್ಕ್ ಅನ್ನು ‘ರಿಜೆಕ್ಟ್’ ಹಂತಕ್ಕೆ ತರಬೇಕು. ಅಕ್ಷರ ಬದಲಿಸಿದ ನಕಲಿ ಡೊಮೇನನ್ನು ಅದು ತಡೆಯಲಾರದು, ನಿಮ್ಮದೇ ಡೊಮೇನ್ ಹೆಸರಿನಲ್ಲಿ ಬೇರೆಯವರು ಕಳಿಸುವ ಮೇಲ್ ಅನ್ನು ಮಾತ್ರ ತಡೆಯುತ್ತದೆ. ಹಾಗಾಗಿ ಇನ್‌ವಾಯ್ಸ್ ಮೇಲೆಯೇ ‘ನಮ್ಮ ಬ್ಯಾಂಕ್ ಖಾತೆ ಮೇಲ್ ಮೂಲಕ ಎಂದೂ ಬದಲಾಗುವುದಿಲ್ಲ’ ಎಂಬ ಸಾಲು ಅಚ್ಚು ಹಾಕಿಸಿ, ಖರೀದಿದಾರನಿಗೆ ಫೋನಿನಲ್ಲೂ ಒಮ್ಮೆ ಹೇಳಿಬಿಡಿ.